ಸ್ಪರ್ಶ ಕಳೆದುಕೊಂಡ ಕೈ ಮತ್ತು ನಮ್ಮ ಮೌನ

(ನಿಪ್ಪಾಣಿ ತಾಲೂಕಿನ ಕೊಗನೊಳ್ಳಿಯಲ್ಲಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೈದ್ಯನಲ್ಲ. ಮದ್ರಸದಲ್ಲಿ ಕಲಿತು, ಆ ಬಳಿಕ ಕಲಾ ಪದವಿ ಪಡೆದು, ಪತ್ರಿಕೆಯ ಕೆಲಸಕ್ಕೆ ಬಂದವನು. ಹಾಗಿದ್ದೂ ಕೈಯ ನರಗಳ ಬಗ್ಗೆ ಮಾತನಾಡಲು ಒಪ್ಪಿಕೊಂಡುದಕ್ಕೆ ಒಂದು ಕಾರಣವಿದೆ. ನನಗೆ ಅಕ್ಷರ ತಿದ್ದಿಸಿದ ಉಸ್ತಾದರೊಬ್ಬರಿದ್ದರು. ಸುಂದರವಾದ ಕೈಬರಹ ಅವರದು. ಒಂದು ದಿನ ಅವರು ಕುದಿಯುವ ಚಹಾ ತುಂಬಿದ ಗಾಜಿನ ಲೋಟವನ್ನು ಹಿಡಿದೇ ಮಾತನಾಡುತ್ತಿದ್ದರು. ಮುಟ್ಟಲಾಗದಷ್ಟು ಬಿಸಿಯಾಗಿದ್ದ ಆ ಲೋಟ ಅವರಿಗೆ ಬಿಸಿಯೆನಿಸಲಿಲ್ಲ. ಮಕ್ಕಳಾದ ನಾವು ಅದನ್ನು ಅವರ ಸಹನೆಯೆಂದು ಭಾವಿಸಿ ಅಚ್ಚರಿಪಟ್ಟೆವು. ಕೆಲವು ತಿಂಗಳ ಬಳಿಕ ಅವರ ಕಿರುಬೆರಳು ಮತ್ತು ಉಂಗುರ ಬೆರಳು ಒಳಕ್ಕೆ ಮಡಚಿಕೊಂಡವು. ಕೆಲವರು ದೃಷ್ಟಿ ತಗುಲಿದೆಯೆಂದರು, ಕೆಲವರು ವಾಯುವೆಂದರು. ತಾಯಿತ ಕಟ್ಟಿದರು, ಎಣ್ಣೆ ಉಜ್ಜಿದರು. ಎರಡು ವರ್ಷ ಕಳೆದ ಮೇಲೆ ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಮೊದಲೇ ಯಾಕೆ ಬರಲಿಲ್ಲ?" ಆ ಪ್ರಶ್ನೆ ಅವರೊಬ್ಬರಿಗೆ ಮಾತ್ರ ಕೇಳಿದ್ದಲ್ಲ. ಅವರ ಸುತ್ತಲಿದ್ದ ನಮಗೆಲ್ಲರಿಗೂ ಕೇಳಿದ ಪ್ರಶ್ನೆ ಅದು. ಇಂದಿನ ನನ್ನ ಮಾತು ಅದಕ್ಕೆ ತಡವಾಗಿ ಕೊಡುತ್ತಿರುವ ಉತ್ತರ.

ನರವೆಂದರೇನು? ರಕ್ತನಾಳವನ್ನೂ ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿಯನ್ನೂ ನಾವು 'ನರ'ವೆಂದೇ ಕರೆಯುತ್ತೇವೆ. ಇವು ಮೂರೂ ಬೇರೆ ಬೇರೆ. ಇಬ್ನು ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದ ಮೊದಲ ಭಾಗದಲ್ಲಿ ನರಗಳ ರಚನೆಗೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದರು. ಸಾವಿರ ವರ್ಷಗಳ ಹಿಂದೆ ನಮ್ಮ ಹಕೀಮರು ಗುರುತಿಸಿದ್ದ ವ್ಯತ್ಯಾಸವನ್ನು ಇಂದು ನಾವು ಮರೆತಿರುವುದು ವಿಷಾದಕರ. ನರವು ವಿದ್ಯುತ್ ತಂತಿಯಂತೆ. ಒಳಗೆ ಸಾವಿರಾರು ಸೂಕ್ಷ್ಮ ಎಳೆಗಳು, ಹೊರಗೆ ಹೊದಿಕೆ. ಕೆಲವು ಎಳೆಗಳು ಮೆದುಳಿನ ಆಜ್ಞೆಯನ್ನು ಸ್ನಾಯುವಿಗೆ ಒಯ್ಯುತ್ತವೆ, ಕೆಲವು ಬಿಸಿ, ತಂಪು, ನೋವು, ಸ್ಪರ್ಶಗಳ ಸುದ್ದಿಯನ್ನು ಮೆದುಳಿಗೆ ತರುತ್ತವೆ. ಆದ್ದರಿಂದಲೇ ನರಕ್ಕೆ ಪೆಟ್ಟು ಬಿದ್ದಾಗ ಕೈಯ ಬಲವೂ ಕುಂದುತ್ತದೆ, ಅರಿವೂ ಕುಂದುತ್ತದೆ.

ಕತ್ತಿನ ಬೆನ್ನುಹುರಿಯಿಂದ ಹೊರಟ ನರಗಳು ಭುಜದಲ್ಲಿ ಹೆಣೆದುಕೊಂಡು, ಮುಖ್ಯವಾಗಿ ಮೂರು ಕವಲುಗಳಾಗಿ ಕೈಗೆ ಇಳಿಯುತ್ತವೆ. ಇವನ್ನು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ.

ಒಂದನೆಯದು ಮೀಡಿಯನ್ ನರ. ಅದು ಮಣಿಕಟ್ಟಿನ ನಡುವಿನ ಇಕ್ಕಟ್ಟಾದ ಸುರಂಗದಲ್ಲಿ ಹಾದು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಅರಿವು ಕೊಡುತ್ತದೆ. ಹೆಬ್ಬೆರಳು ಇತರ ಬೆರಳುಗಳ ಎದುರಿಗೆ ಬಂದು ಸೂಜಿ ಹಿಡಿಯುವುದು, ಗುಂಡಿ ಹಾಕುವುದು ಸಾಧ್ಯವಾಗುವುದು ಇದರಿಂದ.

ಎರಡನೆಯದು ಅಲ್ನಾರ್ ನರ. ಮೊಣಕೈ ಯಾವುದಕ್ಕಾದರೂ ಬಡಿದಾಗ ಕಿರುಬೆರಳಿನವರೆಗೆ ಝುಮ್ಮೆನ್ನುವುದಲ್ಲವೇ? ಆಗ ಬಡಿದುದು ಈ ನರಕ್ಕೆ. ಬೆರಳುಗಳನ್ನು ಅಗಲಿಸುವ, ಜೋಡಿಸುವ ಸಣ್ಣ ಸ್ನಾಯುಗಳು ಇದರ ಅಧೀನ. ಇದು ಕೆಟ್ಟಾಗಲೇ ಕಿರುಬೆರಳು, ಉಂಗುರ ಬೆರಳು ಕೊಕ್ಕೆಯಂತೆ ಬಾಗುತ್ತವೆ.

ಮೂರನೆಯದು ರೇಡಿಯಲ್ ನರ. ಇದು ತೋಳಿನ ಎಲುಬನ್ನು ಸುತ್ತಿಕೊಂಡು ಇಳಿದು, ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆತ್ತುತ್ತದೆ. ಇದಕ್ಕೆ ಪೆಟ್ಟಾದರೆ ಕೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬೀಳುತ್ತದೆ.

ಹಾಗಾದರೆ ಈ ನರಗಳು ಹಾಳಾಗುವುದು ಹೇಗೆ? ಕೊಗನೊಳ್ಳಿಯಂತಹ ಊರಿನಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ, ನಮ್ಮ ದುಡಿಮೆಯಲ್ಲೇ ಹುಡುಕಬಹುದು. ನಿಪ್ಪಾಣಿ ಸೀಮೆ ತಂಬಾಕಿನ ಸೀಮೆ. 1981ರಲ್ಲಿ ತಂಬಾಕಿನ ಬೆಲೆಗಾಗಿ ಇಲ್ಲಿನ ರೈತರು ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯಲ್ಲಿ ಕುಳಿತರು. ಪೋಲೀಸರ ಗುಂಡಿಗೆ ರೈತರು ಪ್ರಾಣ ತೆತ್ತರು. ಅದೇ ಕಾಲದಲ್ಲಿ ಇಲ್ಲಿನ ತಂಬಾಕು ವಖಾರಿಗಳ ಹೆಣ್ಣಾಳುಗಳು ಸಂಘ ಕಟ್ಟಿ ಮುಷ್ಕರ ಹೂಡಿದರು. ಯುಗಾಂತರ್ ಎಂಬ ಮಹಿಳಾ ತಂಡವು 1982ರಲ್ಲಿ ಅವರ ಮೇಲೆ ಒಂದು ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಬೆಲೆ, ಕೂಲಿಗಳ ಬಗ್ಗೆ ನಡೆದ ಆ ಹೋರಾಟಗಳ ಇತಿಹಾಸ ನಮಗೆ ಗೊತ್ತು. ಆದರೆ ಆ ಕೈಗಳಿಗೆ ಏನಾಯಿತೆಂಬ ಇತಿಹಾಸವನ್ನು ಯಾರೂ ಬರೆದಿಲ್ಲ.

ಬೀಡಿ ಕಟ್ಟುವ ತಾಯಿಯನ್ನು ನೋಡಿ. ಎಲೆ ಕತ್ತರಿಸಬೇಕು, ತಂಬಾಕು ತುಂಬಬೇಕು, ಸುರುಳಿ ಸುತ್ತಬೇಕು, ತುದಿ ಮಡಚಬೇಕು, ನೂಲು ಬಿಗಿಯಬೇಕು. ಕೂಲಿ ಲೆಕ್ಕ ಹಾಕುವುದು ಸಾವಿರಕ್ಕೆ. ಅಂದರೆ ಒಂದು ಸಾವಿರದ ಕೂಲಿಗಾಗಿ ಹೆಬ್ಬೆರಳು, ತೋರುಬೆರಳುಗಳು ಒಂದೇ ಬಗೆಯಲ್ಲಿ ಸಾವಿರ ಸಲ ಹಿಸುಕಬೇಕು, ತಿರುಚಬೇಕು. ಮಣಿಕಟ್ಟು ಬಾಗಿದ ಸ್ಥಿತಿಯಲ್ಲಿ ಇಂತಹ ಕೆಲಸ ವರ್ಷಗಟ್ಟಲೆ ನಡೆದಾಗ ಸುರಂಗದೊಳಗಿನ ಹುರಿಗಳು ಊದಿಕೊಳ್ಳುತ್ತವೆ, ನಡುವಿನ ಮೀಡಿಯನ್ ನರವು ಅದುಮಲ್ಪಡುತ್ತದೆ. ವೈದ್ಯರು ಇದನ್ನು ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ. ಹೊಲಿಗೆ ಯಂತ್ರದ ಮುಂದೆ ಕೂರುವವರಿಗೂ ದಿನವಿಡೀ ರೊಟ್ಟಿ ಬಡಿಯುವವರಿಗೂ ಇದು ಬರಬಹುದು. ಗರ್ಭಿಣಿಯರಲ್ಲಿ, ಥೈರಾಯ್ಡ್ ಕುಂದಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು.

ಇದರ ಗುರುತು ಸ್ಪಷ್ಟ. ನಡುರಾತ್ರಿ ಕೈ ಜೋಮು ಹಿಡಿದು, ಉರಿದು ಎಚ್ಚರವಾಗುತ್ತದೆ. ಕೈ ಕೊಡವಿದರೆ ಹಗುರವಾಗುತ್ತದೆ. ಕಿರುಬೆರಳಿಗೆ ಏನೂ ಆಗಿರುವುದಿಲ್ಲ, ಮೊದಲ ಮೂರು ಬೆರಳುಗಳಲ್ಲೇ ತೊಂದರೆ. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿರುವಂತೆ ಮಣಿಕಟ್ಟನ್ನು ಬಾಗಿಸಿ ಒಂದು ನಿಮಿಷ ಹಿಡಿಯಿರಿ. ಅದೇ ಜೋಮು ಮರುಕಳಿಸಿದರೆ ವೈದ್ಯರ ಬಳಿಗೆ ಹೋಗಬೇಕೆಂದು ತಿಳಿಯಿರಿ. ಆರಂಭದಲ್ಲಿ ಚಿಕಿತ್ಸೆ ಅಗ್ಗ: ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿರುವಂತೆ ಪಟ್ಟಿ ಕಟ್ಟುವುದು, ಕೆಲಸದ ನಡುವೆ ಕೈಗೆ ಬಿಡುವು ಕೊಡುವುದು, ಕೆಲವೊಮ್ಮೆ ತಜ್ಞರಿಂದ ಒಂದು ಚುಚ್ಚುಮದ್ದು. ಹೆಬ್ಬೆರಳಿನ ಬುಡದ ಮಾಂಸ ಕರಗುವವರೆಗೆ ಕಾದರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಕೈಯನ್ನಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಅದು, ಹೆದರಬೇಕಾಗಿಲ್ಲ. ಆದರೆ ಕರಗಿದ ಮಾಂಸ ಪೂರ್ತಿ ಮರಳುವ ಭರವಸೆಯಿಲ್ಲ.

ಎರಡನೆಯ ಕಾರಣ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಅತಿ ಉದ್ದದ ನರಗಳು ಮೊದಲು ಸೋಲುತ್ತವೆ. ಆದುದರಿಂದ ಜೋಮು ಪಾದದಲ್ಲಿ ಆರಂಭವಾಗಿ, ಕಾಲುಚೀಲ ತೊಟ್ಟಂತೆ ಮೇಲೇರಿ, ಆಮೇಲೆ ಕೈಗವಸು ತೊಟ್ಟಂತೆ ಬೆರಳುಗಳಿಗೆ ಬರುತ್ತದೆ. ಇದಕ್ಕೆ ಮೊದಲ ಮದ್ದು ಸಕ್ಕರೆಯ ನಿಯಂತ್ರಣವೇ. ಉರಿ ತಗ್ಗಿಸುವ ಮಾತ್ರೆಗಳಿವೆ, ಆದರೆ ಅವು ನರವನ್ನು ಸರಿಪಡಿಸುವುದಿಲ್ಲ. ಇನ್ನೊಂದು ಸಂಗತಿ. ಮೆಟ್‌ಫಾರ್ಮಿನ್ ಮಾತ್ರೆಯನ್ನು ದೀರ್ಘಕಾಲ ಸೇವಿಸುವವರಲ್ಲಿ ಬಿ-12 ಜೀವಸತ್ವ ಕುಂದಬಹುದು, ಅದರ ಕೊರತೆಯೂ ಜೋಮು ತರುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಿ-12 ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿ.

ಮೂರನೆಯದು ಗಾಯ. ಕಬ್ಬು ಕಡಿಯುವ ಕೊಯ್ತಾ, ಒಡೆದ ಗಾಜು, ಹೆದ್ದಾರಿಯ ಅಪಘಾತ, ಕಾರ್ಖಾನೆಯ ಯಂತ್ರ. ಮಣಿಕಟ್ಟಿನ ಒಳಬದಿಯಲ್ಲಿ ಗಾಯವಾಗಿ, ಯಾವುದಾದರೂ ಬೆರಳಿನ ತುದಿ ಮರಗಟ್ಟಿದ್ದರೆ ಒಳಗೆ ನರ ತುಂಡಾಗಿರಬಹುದು. ಮೇಲಿನ ಚರ್ಮವನ್ನು ಮಾತ್ರ ಹೊಲಿಸಿಕೊಂಡು ಮನೆಗೆ ಬರಬೇಡಿ. "ನರ ನೋಡಿದಿರಾ?" ಎಂದು ಕೇಳುವ ಧೈರ್ಯ ಮಾಡಿ. ಹರಿತವಾದ ಆಯುಧದಿಂದ ಶುಚಿಯಾಗಿ ಕತ್ತರಿಸಿದ ನರವನ್ನು ಕೆಲವೇ ದಿನಗಳೊಳಗೆ ಸೂಕ್ಷ್ಮದರ್ಶಕದ ನೆರವಿನಿಂದ ಜೋಡಿಸಿದರೆ ಫಲಿತಾಂಶ ಅತ್ಯುತ್ತಮ. ಇದಲ್ಲದೆ ಎರಡು ಅಪಾಯಗಳನ್ನು ನಾವೇ ಹಣ ಕೊಟ್ಟು ಕೊಳ್ಳುತ್ತೇವೆ. ತೋಳಿನಲ್ಲಿ ತಪ್ಪು ಜಾಗಕ್ಕೆ ಚುಚ್ಚುವ ತರಬೇತಿಯಿಲ್ಲದವನ ಇಂಜೆಕ್ಷನ್ ರೇಡಿಯಲ್ ನರವನ್ನು ಕೊಲ್ಲಬಲ್ಲದು. ಮುರಿದ ಎಲುಬಿಗೆ ನಾಟಿಯವರು ಬಿದಿರಿನ ಪಟ್ಟಿಯಿಟ್ಟು ಬಿಗಿಯಾಗಿ ಕಟ್ಟಿದಾಗ ರಕ್ತ ನಿಂತು ಮುಂಗೈಯ ಸ್ನಾಯು, ನರಗಳೆರಡೂ ಸಾಯಬಹುದು. ಕಟ್ಟಿನ ಬಳಿಕ ನೋವು ಏರುತ್ತಾ ಹೋದರೆ, ಬೆರಳು ಬಿಳುಚಿದರೆ, ಬೆರಳು ನೇರ ಮಾಡಿದಾಗ ಮಗು ಚೀರಿದರೆ ಒಂದು ಗಂಟೆಯೂ ಕಾಯದೆ ಕಟ್ಟು ಬಿಚ್ಚಿಸಿ, ಆಸ್ಪತ್ರೆಗೆ ಧಾವಿಸಿ.

ಸಹೋದರರೇ, ನಾಲ್ಕನೆಯ ಕಾರಣದ ಹೆಸರು ಹೇಳಿದೊಡನೆ ಸಭೆಯಲ್ಲಿ ಮೌನ ಆವರಿಸುತ್ತದೆಯೆಂದು ಬಲ್ಲೆ. ಅದು ಕುಷ್ಠರೋಗ. ನನ್ನ ಉಸ್ತಾದರದ್ದೂ ಅದೇ ಆಗಿತ್ತು. ಜನರು ಇದನ್ನು ಚರ್ಮದ ರೋಗವೆನ್ನುತ್ತಾರೆ, ಶಾಪವೆನ್ನುತ್ತಾರೆ, ರಕ್ತದೋಷವೆನ್ನುತ್ತಾರೆ. ಶಾಪವೂ ಅಲ್ಲ, ರಕ್ತದೋಷವೂ ಅಲ್ಲ. ಚರ್ಮದ ಮೇಲೆ ಕಾಣಿಸಿಕೊಂಡರೂ ಇದು ಬಹುಮಟ್ಟಿಗೆ ನರಗಳ ರೋಗ. ಇದಕ್ಕೆ ಕಾರಣವಾದ ಕ್ರಿಮಿಯನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದರು. ಕ್ರಿಮಿ ಅತಿ ನಿಧಾನಿ. ಸೋಂಕು ತಗುಲಿ ರೋಗ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ ಬೇಕು. ತಂಪಾದ ಜಾಗಗಳಲ್ಲಿ, ಚರ್ಮದ ಸಮೀಪ ಹಾದುಹೋಗುವ ನರಗಳಲ್ಲಿ ಅದು ಮನೆ ಮಾಡುತ್ತದೆ. ಮೊಣಕೈ ಹಿಂದಿನ ಅಲ್ನಾರ್ ನರ ಹಗ್ಗದಂತೆ ದಪ್ಪವಾಗುವುದು ಇದರಿಂದಲೇ.

ಬೆರಳುಗಳು ರೋಗದಿಂದ ಕೊಳೆತು ಉದುರುತ್ತವೆಯೆಂಬ ನಂಬಿಕೆಯನ್ನು ಸುಳ್ಳಾಗಿಸಿದವರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಅವರಿಂದ ಆಗಲಿಲ್ಲ. ರೋಗಿಯಾದ ಹುಡುಗನೊಬ್ಬ ಬಂದು ಸುಲಭವಾಗಿ ತೆರೆದ. ಅವನ ಬೆರಳು ನೋಡಿದರೆ ಕೀಲಿಕೈ ಎಲುಬಿನವರೆಗೆ ಕೊರೆದಿತ್ತು, ಅವನಿಗೆ ನೋವೇ ಇರಲಿಲ್ಲ. ಬೆರಳು ನಾಶವಾಗುವುದು ಅರಿವಿಲ್ಲದ ಗಾಯಗಳಿಂದ, ಸುಟ್ಟ ಹುಣ್ಣುಗಳಿಂದ ಎಂದು ಅವರು ತೋರಿಸಿದರು. ನೋವೆಂಬುದು ಸೃಷ್ಟಿಕರ್ತನು ನಮಗಿತ್ತ ಕಾವಲುಗಾರ. ಅವನಿಲ್ಲದ ಮನೆಗೆ ಕಳ್ಳ ನುಗ್ಗುತ್ತಾನೆ. ಇನ್ನೊಂದು ಭಾಗದ ಚೆನ್ನಾಗಿರುವ ಹುರಿಯನ್ನು ಸ್ಥಳಾಂತರಿಸಿ ಬಾಗಿದ ಬೆರಳುಗಳನ್ನು ನೇರಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಕುಷ್ಠರೋಗಿಗಳ ಕೈಗಳಿಗೆ ಬೆಳೆಸಿಕೊಟ್ಟವರೂ ಅವರೇ. ನಮ್ಮ ನೆರೆಯ ಮೀರಜ್‌ನಲ್ಲಿಯೂ ಮಿಷನರಿಗಳು ಈ ರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದರು. ನಾವು ಏನು ಕಟ್ಟಿದೆವು?

ಈ ಪ್ರಶ್ನೆ ಕಹಿಯಾಗಿದ್ದರೂ ಕೇಳಲೇಬೇಕು. ಉಮಯ್ಯ ಖಲೀಫ ವಲೀದ್ ಎಂಟನೆಯ ಶತಮಾನದ ಆರಂಭದಲ್ಲೇ ಕುಷ್ಠರೋಗಿಗಳಿಗೆ ಬೊಕ್ಕಸದಿಂದ ವೇತನ ಗೊತ್ತುಪಡಿಸಿ, ಅವರು ಬೇಡುವ ಸ್ಥಿತಿ ಬಾರದಂತೆ ಮಾಡಿದ್ದರೆಂದು ಚರಿತ್ರೆ ಹೇಳುತ್ತದೆ. ಕುಷ್ಠರೋಗಿಯಿಂದ ದೂರವಿರುವ ಮಾತನ್ನು ಮಾತ್ರ ನೆನಪಿಟ್ಟುಕೊಂಡ ನಾವು, ಪ್ರವಾದಿವರ್ಯರು(ಸ) ಅಂತಹ ರೋಗಿಯ ಕೈ ಹಿಡಿದು ತಮ್ಮ ತಟ್ಟೆಯಲ್ಲೇ ಉಣಲು ಕೂರಿಸಿದರೆಂಬ ವರದಿಯನ್ನು ಮರೆತೆವು.

ಕಾನೂನೂ ಈ ಕಳಂಕದಲ್ಲಿ ಪಾಲುಗೊಂಡಿತ್ತು. 1939ರ ಮುಸ್ಲಿಮ್ ವಿವಾಹ ವಿಸರ್ಜನೆ ಕಾಯಿದೆಯಲ್ಲಿ ಗಂಡನ ಕುಷ್ಠರೋಗವು ಹೆಂಡತಿ ವಿಚ್ಛೇದನ ಕೇಳಲು ಒಂದು ಆಧಾರವಾಗಿತ್ತು. ಹಿಂದೂ, ಕ್ರೈಸ್ತ ಮತ್ತು ವಿಶೇಷ ವಿವಾಹ ಕಾನೂನುಗಳಲ್ಲಿಯೂ ಅದಿತ್ತು. 2019ರಲ್ಲಿ ಸಂಸತ್ತು ಈ ಎಲ್ಲ ಕಾನೂನುಗಳಿಂದ ಆ ಪದವನ್ನು ಕಿತ್ತುಹಾಕಿತು. ಅದಕ್ಕೂ ಮೊದಲು, 2016ರಲ್ಲಿ, ರೋಗಿಗಳನ್ನು ಕೂಡಿಹಾಕುತ್ತಿದ್ದ 1898ರ ಬ್ರಿಟಿಷ್ ಕಾಯಿದೆ ರದ್ದಾಯಿತು. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕುಷ್ಠರೋಗದಿಂದ ಗುಣಮುಖರಾದವರಿಗೂ ಸ್ಥಾನ ದೊರೆಯಿತು. ವೈಯಕ್ತಿಕ ಕಾನೂನಿನ ಹೆಸರೆತ್ತಿದರೆ ಬೀದಿಗಿಳಿಯುವ ನಾವು, ನಮ್ಮದೇ ಕಾನೂನಿನಲ್ಲಿ ಆದ ಈ ನ್ಯಾಯೋಚಿತ ತಿದ್ದುಪಡಿಯನ್ನು ಗಮನಿಸಲೂ ಇಲ್ಲ. ಕಾನೂನಿನ ಪುಸ್ತಕದಿಂದ ಪದ ಹೋಯಿತು. ಮದುವೆ ಸಂಬಂಧ ಕುದುರಿಸುವಾಗಿನ ಪಿಸುಮಾತಿನಿಂದ ಅದು ಹೋಗಿದೆಯೇ?

ಸರಕಾರದ ಹೊಣೆಯೂ ಸಣ್ಣದಲ್ಲ. ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆಯಾದಾಗ, 2005ರ ಡಿಸೆಂಬರ್‌ನಲ್ಲಿ, ರಾಷ್ಟ್ರಮಟ್ಟದಲ್ಲಿ ಕುಷ್ಠರೋಗ 'ನಿರ್ಮೂಲನೆ'ಯ ಗುರಿ ತಲುಪಿದೆವೆಂದು ಘೋಷಿಸಲಾಯಿತು. ಜನರು ಅದನ್ನು ರೋಗವೇ ಇಲ್ಲವೆಂದು ಅರ್ಥೈಸಿದರು. ವಾಸ್ತವದಲ್ಲಿ 2022 ಮತ್ತು 2023ರಲ್ಲಿಯೂ ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು. ಅದು ಜಗತ್ತಿನ ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು.

ಈಗ ಶುಭವಾರ್ತೆ. ಈ ರೋಗ ಪೂರ್ಣವಾಗಿ ಗುಣವಾಗುತ್ತದೆ. 1980ರ ದಶಕದಿಂದ ಬಹುಔಷಧ ಚಿಕಿತ್ಸೆ ಬಂದಿದೆ. ರೋಗದ ಬಗೆಯನ್ನನುಸರಿಸಿ ಆರು ಅಥವಾ ಹನ್ನೆರಡು ತಿಂಗಳು. ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಚಿಕಿತ್ಸೆ ಆರಂಭಿಸಿದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಇತರರಿಗೆ ಹರಡುವುದು ನಿಲ್ಲುತ್ತದೆ. ಪ್ರತ್ಯೇಕ ತಟ್ಟೆಯೂ ಬೇಡ, ಪ್ರತ್ಯೇಕ ಕೋಣೆಯೂ ಬೇಡ. ಮೂತ್ರ ಕೆಂಪಾಗುವುದು, ಚರ್ಮ ಕಪ್ಪಾಗುವುದು ಔಷಧದ ಪರಿಣಾಮ. ಅದು ಕ್ರಮೇಣ ಹೋಗುತ್ತದೆ, ಅದಕ್ಕೆ ಹೆದರಿ ಮಾತ್ರೆ ಬಿಡಬಾರದು. ಮನೆಯವರಿಗೆ ಮುನ್ನೆಚ್ಚರಿಕೆಯಾಗಿ ಕೊಡುವ ಒಂದೇ ಸಲದ ಮಾತ್ರೆಯೂ ಇದೆ. ಆದರೆ ಒಂದು ಎಚ್ಚರಿಕೆ. ಚಿಕಿತ್ಸೆಯ ನಡುವೆ ಅಥವಾ ಮುಗಿದ ಬಳಿಕವೂ ನರ ಊದಿಕೊಂಡು ನೋವಾಗಬಹುದು, ಕೈಯ ಬಲ ಥಟ್ಟನೆ ಕುಂದಬಹುದು. ಆಗ ವೈದ್ಯರು ತಿಂಗಳುಗಟ್ಟಲೆ ಸ್ಟಿರಾಯ್ಡ್ ಕೊಟ್ಟು ನರವನ್ನು ಉಳಿಸುತ್ತಾರೆ. ಹಾನಿ ಆರು ತಿಂಗಳೊಳಗಿನದಾಗಿದ್ದರೆ ಚೇತರಿಕೆಯ ಅವಕಾಶ ಹೆಚ್ಚು. ನನ್ನ ಉಸ್ತಾದರು ಕಳೆದುಕೊಂಡದ್ದು ಆ ಆರು ತಿಂಗಳನ್ನು.

ಯಾವ ಕಾರಣದಿಂದ ನರ ಹಾಳಾದರೂ ಕಾಲದ ಲೆಕ್ಕ ಒಂದೇ. ಅದುಮಿದ ನರ ಒತ್ತಡ ತೆಗೆದರೆ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಬಹುದು. ಒಳ ಎಳೆ ತುಂಡಾಗಿ ಹೊದಿಕೆ ಉಳಿದಿದ್ದರೆ, ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ ಆರು ತಿಂಗಳು, ಮೊಣಕೈಯಿಂದಾದರೆ ಒಂದು ವರ್ಷಕ್ಕೂ ಹೆಚ್ಚು. ಪೂರ್ತಿ ತುಂಡಾಗಿದ್ದರೆ ಜೋಡಿಸದೆ ಬೆಳೆಯದು. ಅಷ್ಟರಲ್ಲಿ ನರವಿಲ್ಲದ ಸ್ನಾಯು ಕಾಯುತ್ತಾ ಕೂರುವುದಿಲ್ಲ. ಒಂದರಿಂದ ಒಂದೂವರೆ ವರ್ಷದಲ್ಲಿ ಅದು ಮರಳಿ ಬಾರದಂತೆ ಕುಗ್ಗುತ್ತದೆ. ಆದ್ದರಿಂದ ಕಾಯುವ ಅವಧಿಯಲ್ಲಿ ಬೆರಳುಗಳನ್ನು ಇನ್ನೊಂದು ಕೈಯಿಂದ ದಿನವೂ ನೇರ ಮಾಡುತ್ತಾ, ಗಂಟುಗಳು ಬಿಗಿಯದಂತೆ ನೋಡಿಕೊಳ್ಳಬೇಕು. ಹೀಗೆ ಮೃದುವಾಗಿ ಉಳಿದ ಕೈಗೆ ಮಾತ್ರ ಮುಂದೆ ಶಸ್ತ್ರಚಿಕಿತ್ಸೆ ಫಲಿಸುತ್ತದೆ.

ತಾಯಂದಿರೇ, ಅರಿವಿಲ್ಲದ ಕೈಯನ್ನು ಕಾಯುವ ಕೆಲಸ ಅಡುಗೆಮನೆಯಲ್ಲಿ ಆರಂಭವಾಗುತ್ತದೆ. ಬಿಸಿ ಪಾತ್ರೆಗೆ ದಪ್ಪ ಬಟ್ಟೆ, ಲೋಟಕ್ಕೆ ಹಿಡಿಕೆ ಇರಲಿ. ಚಳಿಗಾಲದಲ್ಲಿ ವುಝೂಗೆ ನೀರು ಕಾಯಿಸಿದಾಗ ಮರಗಟ್ಟಿದ ಬೆರಳಿನಿಂದ ಬಿಸಿ ನೋಡಬೇಡಿ; ಅರಿವುಳ್ಳ ಮೊಣಕೈಯಿಂದಲೋ ಮನೆಯ ಇನ್ನೊಬ್ಬರಿಂದಲೋ ನೋಡಿಸಿ. ದಿನಕ್ಕೆ ಐದು ಸಲ ಕೈಕಾಲು ತೊಳೆಯುವ ಸಮುದಾಯ ನಮ್ಮದು. ಆ ಐದರಲ್ಲಿ ಒಂದು ಸಲವಾದರೂ ಬೆರಳ ಸಂದುಗಳನ್ನು, ಅಂಗಾಲನ್ನು ಬೆಳಕಿನಲ್ಲಿ ನೋಡಿದರೆ ಗುಳ್ಳೆ, ಬಿರುಕು, ಸುಟ್ಟ ಗುರುತು ಅಂದೇ ತಿಳಿಯುತ್ತದೆ. ಮಕ್ಕಳ ಮೈಮೇಲೆ ಬಿಳಿಚಿದ ಅಥವಾ ಕೆಂಪಾದ ಮಚ್ಚೆಯಿದ್ದು, ಅಲ್ಲಿ ಹತ್ತಿಯ ಎಳೆ ತಾಗಿಸಿದರೂ ತಿಳಿಯದಿದ್ದರೆ ಮುಚ್ಚಿಡಬೇಡಿ; ಆಶಾ ಕಾರ್ಯಕರ್ತೆಗೆ ತೋರಿಸಿ.

ಕೊನೆಯದಾಗಿ ಗಡಿಯ ಮಾತು. ಈ ಊರಿನ ಟೋಲ್ ನಾಕೆ ದಾಟಿದರೆ ಮಹಾರಾಷ್ಟ್ರ. 2021ರಲ್ಲಿ ಕೊರೋನಾ ಪರೀಕ್ಷೆಯ ಚೀಟಿ ಇಲ್ಲದವರನ್ನು ಇದೇ ಕೊಗನೊಳ್ಳಿ ನಾಕೆಯಿಂದ ಹಿಂದಕ್ಕೆ ಕಳುಹಿಸಿದುದನ್ನು ನೀವು ಕಂಡಿದ್ದೀರಿ. 2023ರಲ್ಲಿ ಮಹಾರಾಷ್ಟ್ರ ಸರಕಾರವು ಗಡಿಯ 865 ಗ್ರಾಮಗಳಿಗೆ ತನ್ನ ಆರೋಗ್ಯ ಯೋಜನೆಯನ್ನು ವಿಸ್ತರಿಸಿತು, ಕರ್ನಾಟಕ ಸರಕಾರ ಅದನ್ನು ಪ್ರತಿಭಟಿಸಿತು. ಊರು ಯಾರದೆಂಬ ವಾದವನ್ನು ನ್ಯಾಯಾಲಯ ನೋಡಿಕೊಳ್ಳಲಿ. ಕೈ ಯಾರದೆಂಬ ಪ್ರಶ್ನೆಯನ್ನು ನಾವು ಎರಡೂ ಸರಕಾರಗಳಿಗೆ ಕೇಳಬೇಕು. ಬೀಡಿ ಕಾರ್ಮಿಕರ ಕ್ಷೇಮನಿಧಿಗಾಗಿ 1976ರ ಕಾಯಿದೆಯನ್ವಯ ಬೀಡಿಯ ಮೇಲೆ ವಸೂಲಾಗುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿಯೊಂದಿಗೆ ನಿಂತಿತು. ಆ ಹಣದಿಂದ ನಡೆಯಬೇಕಾದ ಆರೋಗ್ಯ ತಪಾಸಣೆಯನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ನಮ್ಮ ಪಾಲಿನ ಕೆಲಸವೂ ಇದೆ. ಮಸೀದಿಯ ಕಮಿಟಿಯವರು ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ ಕೈಕಾಲುಗಳ ತಪಾಸಣೆ ನಡೆಸಲಿ, ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆಯಿರಲಿ. ಚಿಕಿತ್ಸೆಗೆ ಹೋದ ದಿನಗಳ ಕೂಲಿ ಕಳೆದುಕೊಳ್ಳುವ ಬಡ ಕುಟುಂಬಕ್ಕೆ ಝಕಾತ್‌ನಿಂದ ಒಂದು ಪಾಲು ದೊರೆಯಲಿ. ನನ್ನ ಉಸ್ತಾದರು ಆಮೇಲೆ ಗುಣಮುಖರಾದರು, ಆದರೆ ಬೆರಳುಗಳು ನೇರವಾಗಲಿಲ್ಲ. ಲೇಖನಿಯನ್ನು ಹೆಬ್ಬೆರಳು ಮತ್ತು ಅಂಗೈ ನಡುವೆ ಸಿಕ್ಕಿಸಿಕೊಂಡು ಕೊನೆಯವರೆಗೂ ಬರೆದರು. ಅವರ ಆ ಕೊನೆಯ ಅಕ್ಷರಗಳು ವಕ್ರವಾಗಿದ್ದವು. ಇಂದು ಮನೆಗೆ ಹೋದ ಮೇಲೆ ನಿಮ್ಮ ಮನೆಯ ಹಿರಿಯರ ಕೈಯನ್ನೊಮ್ಮೆ ಹಿಡಿದು, ಅವರು ಕಣ್ಣು ಮುಚ್ಚಿರುವಾಗ ಬೆರಳ ತುದಿಯನ್ನು ಮೆಲ್ಲಗೆ ಮುಟ್ಟಿ, "ತಿಳಿಯಿತೇ?" ಎಂದು ಕೇಳಿ. ಇಲ್ಲವೆಂದರೆ, ನಾಳೆಯೇ ಹೊರಡಿ.